ಕೊಬ್ಬು ಕರಗಿಸುವ ನೂರು ವರ್ಷ

1920ರ ದಶಕದಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಶಾರ್ಲ್ ದುಜಾರಿಯೆ ನರ್ತಕಿಯೊಬ್ಬಳ ಕಾಲಿನ ಕೊಬ್ಬನ್ನು ಕೆರೆದು ತೆಗೆಯಹೋದ. ಕಾಲು ಕೊಳೆತು, ಅದನ್ನೇ ಕತ್ತರಿಸಬೇಕಾಯಿತು. 1970ರ ದಶಕದಲ್ಲಿ ಇಟಲಿಯ ಫಿಷರ್, ಫ್ರಾನ್ಸಿನ ಇಲೂಜ್ ಕೊಳವೆಯಿಂದ ಕೊಬ್ಬು ಹೀರುವುದನ್ನು ರೂಢಿಗೆ ತಂದರು. 1987ರಲ್ಲಿ ಅಮೆರಿಕದ ಜೆಫ್ರಿ ಕ್ಲೈನ್ ಅರಿವಳಿಕೆ ಬೆರೆಸಿದ ದ್ರವ ತುಂಬಿ ರಕ್ತಸ್ರಾವ ತಗ್ಗಿಸುವ ವಿಧಾನವನ್ನು ಪ್ರಕಟಿಸಿದ. 2006ರಲ್ಲಿ ಅಲ್ಲಿ ಲೇಸರ್‌ಗೆ ಅನುಮತಿ ಸಿಕ್ಕಿತು. ಅದರ ಶಾಖ ಕೊಬ್ಬಿನ ಕೋಶಗಳನ್ನು ಒಡೆದು ಸಣ್ಣ ರಕ್ತನಾಳಗಳನ್ನು ಮುಚ್ಚುತ್ತದೆ. ಮಿತಿಮೀರಿದರೆ ಚರ್ಮವನ್ನೂ ಸುಡುತ್ತದೆ.

2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ 21 ವರ್ಷದ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡರು. ಅಲ್ಲಿ ನರ್ತಕಿ, ಇಲ್ಲಿ ನಟಿ: ಇಬ್ಬರಿಗೂ ದೇಹವೇ ಅನ್ನದ ದಾರಿ. ಉಪಕರಣ ಬದಲಾಯಿತು, ತೆಳ್ಳಗಿರಬೇಕೆಂಬ ಒತ್ತಡ ಬದಲಾಗಲಿಲ್ಲ. ಲೇಸರ್ ಸುರಕ್ಷಿತವೇ ಎಂದು ಕೇಳುವವರು ಅರಿವಳಿಕೆ ತಜ್ಞರಿದ್ದಾರೆಯೇ, ತೀವ್ರ ನಿಗಾ ಘಟಕವಿದೆಯೇ ಎಂದು ಮೊದಲು ಕೇಳಬೇಕು.