ಲಾರಿಯ ಕಿರೀಟ ಮತ್ತು ಅದರ ತೂಕ

ನಮ್ಮ ದುಮ್ಮವಾಡದ ಸೀಮೆಯವರಿಗೆ ಲಾರಿ ಅಂದರೆ ಹುಬ್ಬಳ್ಳಿ–ಅಂಕೋಲಾ ರಸ್ತೆ. ಮೊದಲು 63, ಈಗ 52 ಎಂದು ನಂಬರು ಬದಲಾದ ಈ ಹೆದ್ದಾರಿ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಕಡಲಿಗೆ ಸೇರುತ್ತದೆ. ಈ ದಾರಿಯ ಲಾರಿಗಳ ಮುಖ ನೋಡಿ: ತಲೆಯ ಮೇಲೆ ಕಿರೀಟದಂಥ ಹಲಗೆ, ಕನ್ನಡಿಗೆ ಕರಿ ಗೊಂಡೆ, ಎದೆಗೆ ದಪ್ಪ ಕಬ್ಬಿಣದ ಬಂಪರ್, ಸಾಲು ದೀಪ, ಹಿಂದೆ ತಾಯಿಯ ಆಶೀರ್ವಾದ. ಇದರಲ್ಲಿ ಹೆಚ್ಚಿನದು ಕಾರ್ಖಾನೆಯಿಂದ ಬಂದದ್ದಲ್ಲ. ಬಡಿಗ, ವೆಲ್ಡರ್, ಪೇಂಟರ್ ಮತ್ತು ಸ್ವತಃ ಡ್ರೈವರ್ ಸೇರಿ ಮಾಡಿದ್ದು. ಈ ಚಂದಕ್ಕೆ ಗಾಡಿ ಏನು ಬೆಲೆ ಕೊಟ್ಟಿತು ಎಂಬುದು ನಮ್ಮ ಪ್ರಶ್ನೆ.

ಲಾರಿ ಬರುವ ಮೊದಲೂ ನಮ್ಮಲ್ಲಿ ಗಾಡಿ ಸಿಂಗರಿಸುವ ಪದ್ಧತಿ ಇತ್ತು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ, ತುದಿಗೆ ಹಿತ್ತಾಳೆಯ ಅಣಸು, ಹಣೆಗೆ ಪಟ್ಟಿ, ಬೆನ್ನಿಗೆ ಝೂಲಾ. ಕಲಘಟಗಿಯ ಬಣ್ಣದ ತೊಟ್ಟಿಲು ದೂರದ ಊರುಗಳಿಗೂ ಗೊತ್ತು. ಕಟ್ಟಿಗೆಗೆ ಅರಗಿನ ಬಣ್ಣ ಏರಿಸುವ ಕೈ ಈ ತಾಲೂಕಿಗೆ ಹೊಸದಲ್ಲ. ಆದರೆ ಹಬ್ಬ ಮುಗಿದ ಮೇಲೆ ಝೂಲಾ ಪೆಟ್ಟಿಗೆ ಸೇರುತ್ತಿತ್ತು. ದುಡಿಯುವ ದಿನ ಎತ್ತಿನ ಮೈಮೇಲೆ ಉಳಿಯುತ್ತಿದ್ದದ್ದು ಗೆಜ್ಜೆಸರ ಮಾತ್ರ. ಅದು ಕತ್ತಲಲ್ಲಿ ಎದುರಿನವನಿಗೆ ಎಚ್ಚರಿಕೆಯೂ ಆಗಿತ್ತು. ಲಾರಿ ಹಾಗಲ್ಲ, ಅದು ಹಬ್ಬದ ಉಡುಪನ್ನು ವರ್ಷವಿಡೀ ಹೊತ್ತುಕೊಂಡೇ ದುಡಿಯುತ್ತದೆ.

1954ರಲ್ಲಿ ಟೆಲ್ಕೋ ಕಂಪನಿ ಡೈಮ್ಲರ್-ಬೆಂಝ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. 1955ರಲ್ಲಿ ಮದ್ರಾಸಿನ ಅಶೋಕ್ ಮೋಟರ್ಸ್ ಅಶೋಕ್ ಲೇಲ್ಯಾಂಡ್ ಆಯಿತು. ಆಗ ಕಂಪನಿ ಮಾರುತ್ತಿದ್ದದ್ದು ಬಹುಮಟ್ಟಿಗೆ ಚಾಸಿ: ಎಂಜಿನ್, ಗೇರು, ಗಾಲಿ, ಮುಂದಿನ ಮುಖ, ಅಷ್ಟೆ. ಕ್ಯಾಬಿನ್ ಮತ್ತು ಬಾಡಿ ಕಟ್ಟುವ ಕೆಲಸ ಊರಿನ ಬಡಿಗ, ಕಮ್ಮಾರರದು. ಕಂಬ ಎಷ್ಟು ದಪ್ಪ ಇರಬೇಕು ಎಂದು ತೀರ್ಮಾನಿಸುವ ಕೈಯೇ ಅದರ ಮೇಲೆ ಹೂವನ್ನೂ ಕೆತ್ತುತ್ತಿತ್ತು. ಹೀಗಾಗಿ ಚಂದವೂ ಬಲವೂ ಒಂದೇ ಲೆಕ್ಕದಲ್ಲಿದ್ದವು. ಕಾರ್ಖಾನೆಯಲ್ಲೇ ತಯಾರಾದ ಕಬ್ಬಿಣದ ಕ್ಯಾಬಿನ್ ಹೆಚ್ಚಾದಂತೆ ಈ ಲೆಕ್ಕ ಮುರಿಯಿತು. ಎಲ್ಲ ಗಾಡಿಗಳ ಮುಖ ಒಂದೇ ಆಯಿತು. ಸಾಲ ಮಾಡಿ ಗಾಡಿ ಕೊಂಡವನಿಗೆ ತನ್ನದು ಬೇರೆ ಎಂದು ತೋರಿಸಲು ಉಳಿದ ದಾರಿ ಒಂದೇ: ಮುಗಿದ ಗಾಡಿಯ ಮೇಲೆ ಮತ್ತೇನಾದರೂ ಸೇರಿಸುವುದು.

ಸೇರಿಸಿದ್ದರ ಲೆಕ್ಕ ನೋಡೋಣ. 5 ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡು ಒಂದು ಚದರ ಮೀಟರಿಗೆ ಸುಮಾರು 39 ಕಿಲೋ ತೂಗುತ್ತದೆ. ಎಂಟು ಅಡಿ ಉದ್ದ, ಒಂದೂವರೆ ಅಡಿ ಎತ್ತರದ ಬಂಪರ್ ಅಂದರೆ 43 ಕಿಲೋ. ಪೈಪು, ಬೋಲ್ಟು ಬೇರೆ. ಅದರ ಮೇಲೆ ಕಿರೀಟ, ಕ್ಯಾರಿಯರ್, ಎತ್ತರಿಸಿದ ಹಲಗೆ ಸೇರಿದರೆ ಎರಡು ಕ್ವಿಂಟಲ್ ಸುಲಭವಾಗಿ ಆದೀತು. ಅಂದರೆ ಪ್ರತಿ ಟ್ರಿಪ್ಪಿಗೂ ಎರಡು ಕ್ವಿಂಟಲ್ ಗೋವಿನಜೋಳದ ಬಾಡಿಗೆ ಬಿಟ್ಟುಕೊಟ್ಟ ಹಾಗೆ, ಇಲ್ಲವೇ ಅಷ್ಟು ಓವರ್‌ಲೋಡ್ ಮಾಡಿದ ಹಾಗೆ. ಪಾಕಿಸ್ತಾನದ ಬೆಡ್‌ಫರ್ಡ್ ಲಾರಿಗಳ ತಲೆಹಲಗೆಗೆ ತಾಜ್ ಎಂದೇ ಹೆಸರು. ಹೆಸರು ಏನೇ ಇರಲಿ, ಗಾಳಿ ಅದನ್ನು ತಡೆಯುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಎತ್ತರದಲ್ಲಿ ಕೂತ ಭಾರ ತಿರುವಿನಲ್ಲಿ ಗಾಡಿಯನ್ನು ಹೊರಗೆ ವಾಲಿಸುತ್ತದೆ. ರೇಡಿಯೇಟರ್ ಎದುರು ದಪ್ಪ ತಗಡು ಬಂದರೆ ಘಟ್ಟ ಹತ್ತುವಾಗ ಎಂಜಿನ್ನಿಗೆ ಬೇಕಾದ ಗಾಳಿ ಸಿಗುವುದಿಲ್ಲ.

ದೀಪಕ್ಕೆ ಬರೋಣ. ಲಾರಿಯದು 24 ವೋಲ್ಟ್ ವಿದ್ಯುತ್ತು. 70 ವ್ಯಾಟಿನ ನಾಲ್ಕು ಬಲ್ಬು ಹೆಚ್ಚಿಗೆ ಹಾಕಿದರೆ ಸುಮಾರು 12 ಆಂಪಿಯರ್ ಕರೆಂಟು ಹೆಚ್ಚಿಗೆ ಹರಿಯುತ್ತದೆ. ರಿಲೇ, ಫ್ಯೂಸ್ ಇಲ್ಲದೆ ಹಳೆಯ ಸಣ್ಣ ವೈರಿಗೇ ಗಂಟು ಹಾಕಿದರೆ ವೈರು ಕಾಯುತ್ತದೆ, ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. ಲಾರಿಗೆ ಬೆಂಕಿ ಹತ್ತಲು ಇಷ್ಟೇ ಸಾಕು.

ಎಲ್ಲಕ್ಕಿಂತ ಅಪಾಯದ್ದು ಹಾರ್ನು. ಗಾಳಿ ಬ್ರೇಕಿನ ಗಾಡಿಗಳು ಬಂದ ಮೇಲೆ ಗಾಳಿ ಹಾರ್ನು ಹಾಕುವುದು ಸುಲಭವಾಯಿತು. ಗಾಳಿಯ ಟ್ಯಾಂಕ್ ಗಾಡಿಯಲ್ಲೇ ಇತ್ತಲ್ಲ. ಇಂಥ ಗಾಡಿಗಳಲ್ಲಿ ಒಂದು ಸಾಲಿನ ಗಾಳಿ ಸೋರಿದರೂ ಬ್ರೇಕಿನ ಗಾಳಿ ಉಳಿಯಲಿ ಎಂದು ಕಂಪನಿ ರಕ್ಷಣಾ ವಾಲ್ವ್ ಇಟ್ಟಿರುತ್ತದೆ. ಅದನ್ನು ತಪ್ಪಿಸಿ ನೇರವಾಗಿ ಬ್ರೇಕಿನ ಸಾಲಿಗೇ ಪೈಪು ಜೋಡಿಸಿದರೆ, ಹಾರ್ನ್ ಹೊಡೆದಷ್ಟೂ ಬ್ರೇಕಿನ ಗಾಳಿ ಖರ್ಚಾಗುತ್ತದೆ. ಅರಬೈಲಿನಂಥ ಇಳಿಜಾರಿನಲ್ಲಿ ಪ್ರತಿ ತಿರುವಿಗೂ ಹಾರ್ನೂ ಬೇಕು, ಬ್ರೇಕೂ ಬೇಕು. ಎರಡೂ ಒಂದೇ ಟ್ಯಾಂಕಿನಿಂದ ಉಣ್ಣುತ್ತಿದ್ದರೆ ಯಾವುದಕ್ಕೆ ಉಪವಾಸ ಎಂದು ಬಿಡಿಸಿ ಹೇಳಬೇಕಿಲ್ಲ.

ಇದೇ ರಸ್ತೆಯಲ್ಲಿ ಬಳ್ಳಾರಿ, ಹೊಸಪೇಟೆಯ ಅದಿರು ಬೇಲೆಕೇರಿ ಬಂದರಿಗೆ ಹರಿದ ಕಾಲವೊಂದಿತ್ತು. 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿತು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದರಲ್ಲಿ ಓವರ್‌ಲೋಡಿನ ವಿಚಾರವೂ ಇದೆ. ಹತ್ತಿ, ಮೇವು ಹಗುರ ಸರಕು. ಅದಕ್ಕೆ ಬೇಕಾದದ್ದು ಎತ್ತರದ ಹಲಗೆ. ಅದಿರು ಹಾಗಲ್ಲ. ಹಲಗೆ ತುಂಬುವ ಮೊದಲೇ ತೂಕ ಮೀರುತ್ತದೆ. ಅದಕ್ಕೆ ಬೇಕಾದದ್ದು ಹೆಚ್ಚಿನ ಪಾಟಾ. ಹತ್ತು ಪಾಟಾ ಇದ್ದಲ್ಲಿ ಅದೇ ಅಳತೆಯ ಇನ್ನೆರಡು ಸೇರಿಸಿದರೆ ಕಮಾನು ಸುಮಾರು ಶೇ. 20ರಷ್ಟು ಬಿಗಿಯಾಗುತ್ತದೆ, ಗಾಡಿಯ ಹಿಂಭಾಗ ಎತ್ತಿ ನಿಲ್ಲುತ್ತದೆ. ಅದು ನೋಡಲೂ ಗತ್ತು. ಆದರೆ ಕಮಾನು ಬಿಗಿಯಾದರೆ ಆಕ್ಸಲ್, ಟಯರ್, ಬ್ರೇಕುಗಳ ಬಲವೇನೂ ಹೆಚ್ಚುವುದಿಲ್ಲ. ಖಾಲಿ ಬರುವಾಗ ಗಾಲಿ ಪುಟಿಯುತ್ತದೆ, ಬ್ರೇಕ್ ಒತ್ತಿದರೆ ಜಾರುತ್ತದೆ.

ನಮ್ಮ ಭಾಗದಲ್ಲೇ ಇದಕ್ಕೆ ತದ್ವಿರುದ್ಧ ಉದಾಹರಣೆ ಇದೆ. 1976ರಲ್ಲಿ ವಿಜಯ ಸಂಕೇಶ್ವರರು ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವಿಆರ್‌ಎಲ್ ಮುಂದೆ ಹುಬ್ಬಳ್ಳಿಗೆ ಬಂದು ಬೆಳೆಯಿತು. ಅದೂ ತನ್ನ ಲಾರಿಗಳ ಬಾಡಿಯನ್ನು ತಾನೇ ಕಟ್ಟಿಸುತ್ತದೆ. ಆದರೆ ಅಲ್ಲಿ ಉದ್ದೇಶ ಬಾಡಿ ಹಗುರಾಗಬೇಕು, ಸರಕು ಹೆಚ್ಚು ಹಿಡಿಯಬೇಕು ಎಂಬುದು. ಸಾವಿರಾರು ಗಾಡಿ ಇದ್ದವನಿಗೆ ಒಂದೇ ಹಳದಿ ಬಣ್ಣವೇ ಗುರುತು. ಒಂದೇ ಗಾಡಿ ಇದ್ದವನಿಗೆ ಅದೇ ಮನೆ, ಅದೇ ಮರ್ಯಾದೆ. ಆದ್ದರಿಂದ ಅವನ ಕಿರೀಟವನ್ನು ಬರೀ ಶೋಕಿ ಎಂದು ತಳ್ಳಿಹಾಕುವುದು ನಮಗೆ ಸರಿ ಕಾಣುವುದಿಲ್ಲ.

ಕಾನೂನು ಮಾತ್ರ ಈಗ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯ ರೂಪ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಹೆಚ್ಚಿನ ಬಂಪರ್‌ಗಳ ಮೇಲೆ ಕ್ರಮ ಕೈಗೊಳ್ಳಿ ಎಂದು 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿತ್ತು. ಹಲವು ರಾಗದ ಹಾರ್ನು ಎಂದೋ ನಿಷಿದ್ಧ. ಇನ್ನೊಂದು ಕಡೆ, 2018ರಲ್ಲಿ ಎರಡು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿ 16.2 ಟನ್ನಿನಿಂದ 18.5 ಟನ್ನಿಗೆ ಏರಿತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಬಡಿಗನ ಕ್ಯಾಬಿನ್ನಿಗೆ ಇನ್ನು ಜಾಗ ಕಡಿಮೆ.

ಹಾಗಾದರೆ ಏನು ಉಳಿಯಬೇಕು? ಬಣ್ಣ ಉಳಿಯಲಿ, ಅಕ್ಷರ ಉಳಿಯಲಿ, ಗೊಂಡೆ ಡ್ರೈವರನ ಕಣ್ಣಿಗೆ ಅಡ್ಡ ಬಾರದಂತೆ ಉಳಿಯಲಿ. ಇವುಗಳ ತೂಕ ಕೆಲವೇ ಕಿಲೋ. ಬ್ರೇಕು, ಪಾಟಾ, ವೈರು ಯಾವುದನ್ನೂ ಇವು ಮುಟ್ಟುವುದಿಲ್ಲ. ನಮ್ಮ ಪೇಂಟರನಿಗೆ ಕೆಲಸವೂ ಸಿಗುತ್ತದೆ. ಕಬ್ಬಿಣದ ಬಂಪರನ್ನೂ ಬ್ರೇಕಿನ ಗಾಳಿ ಕುಡಿಯುವ ಹಾರ್ನನ್ನೂ ಮಾತ್ರ ಘಟ್ಟ ಇಳಿಯುವ ಮೊದಲೇ ಬಿಚ್ಚಿಡಬೇಕು. ನಮ್ಮ ಹಿರಿಯರು ಎತ್ತಿನ ಝೂಲಾ ಬಿಚ್ಚಿಟ್ಟೇ ಹೊಲಕ್ಕೆ ಹೋಗುತ್ತಿದ್ದರು.