ಗೆದ್ದಲು, ಬೂಷ್ಟು ಮತ್ತು ನಮ್ಮ ಮನೆ: ತೇವದೊಡನೆ ನಡೆದ ಹೋರಾಟದ ಚರಿತ್ರೆ



ಮಳೆಗಾಲ ಮುಗಿದ ಮೇಲೆ ಅಟ್ಟದಲ್ಲಿದ್ದ ಹಳೆಯ ಮರದ ಪೆಟ್ಟಿಗೆಯನ್ನು ಕೆಳಗಿಳಿಸಿ ನೋಡಿದವರಿಗೆ ಈ ಅನುಭವ ಗೊತ್ತಿರುತ್ತದೆ. ಹೊರಗಿನಿಂದ ಪೆಟ್ಟಿಗೆ ಗಟ್ಟಿಯಾಗಿಯೇ ಕಾಣುತ್ತದೆ. ಮುಚ್ಚಳ ತೆಗೆದು ಕೈಯಿಟ್ಟರೆ ಒಳಗೆ ಒಣಮಣ್ಣು. ಅಜ್ಜನ ಕಾಲದ ಜಮೀನಿನ ಪತ್ರ, ಅಮ್ಮನ ಶಾಲೆಯ ಪ್ರಮಾಣಪತ್ರ, ಹಳೆಯ ಪುಸ್ತಕ ಎಲ್ಲವೂ ಜರಡಿಯಾಗಿರುತ್ತವೆ. ಪೆಟ್ಟಿಗೆ ಒರಗಿದ್ದ ಗೋಡೆಯ ಮೇಲೆ ಕಪ್ಪು ಹಸಿರಾದ ಬೂಷ್ಟಿನ ಮಚ್ಚೆ. ಮೂಗಿಗೆ ಮುಗ್ಗಲು ವಾಸನೆ.

ಯುದ್ಧಗಳ ಚರಿತ್ರೆಯನ್ನು ನಾವು ಪಠ್ಯಪುಸ್ತಕದಲ್ಲಿ ಓದುತ್ತೇವೆ. ಆದರೆ ಪ್ರತಿಯೊಂದು ಮನೆಯಲ್ಲೂ ಪ್ರತಿವರ್ಷವೂ ನಡೆದು ಬಂದಿರುವ ಈ ಹೋರಾಟಕ್ಕೂ ಒಂದು ಚರಿತ್ರೆ ಇದೆ. ಗೆದ್ದಲು ಒಂದು ಕೀಟ, ಬೂಷ್ಟು ಒಂದು ಶಿಲೀಂಧ್ರ. ಇವೆರಡೂ ಬೇರೆಬೇರೆ ಶತ್ರುಗಳೆಂದು ನಾವು ಭಾವಿಸುತ್ತೇವೆ. ಚರಿತ್ರೆಯನ್ನು ನೋಡಿದರೆ ಇವೆರಡರ ಹಿಂದೆಯೂ ಇರುವ ಮೂಲಶತ್ರು ಒಂದೇ ಎಂದು ತಿಳಿಯುತ್ತದೆ. ಅದು ತೇವ. ಇದನ್ನು ಅರಿತ ಕಾಲದಲ್ಲಿ ಮನೆಗಳು ಉಳಿದವು. ಮರೆತ ಕಾಲದಲ್ಲಿ ವಿಷದ ಮೊರೆಹೋಗಬೇಕಾಯಿತು.

ಹುತ್ತ ಹೇಳುವ ಗುಟ್ಟು

ಕ್ರಿ.ಶ. 6ನೆಯ ಶತಮಾನದ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯಲ್ಲಿ ಅಂತರ್ಜಲವನ್ನು ಹುಡುಕುವ ಬಗೆಗೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಇಂಥ ಮರದ ಪಕ್ಕದಲ್ಲಿ ಹುತ್ತವಿದ್ದರೆ ಇಷ್ಟು ಆಳದಲ್ಲಿ ನೀರು ಸಿಗುತ್ತದೆ ಎಂದು ಅಲ್ಲಿ ಮತ್ತೆ ಮತ್ತೆ ಹೇಳುತ್ತಾನೆ. ಅವನ ಲೆಕ್ಕಗಳೆಲ್ಲವೂ ಇಂದಿನ ಪರೀಕ್ಷೆಯಲ್ಲಿ ನಿಲ್ಲಬೇಕೆಂದಿಲ್ಲ. ಆದರೆ ಅದರ ಹಿಂದಿನ ಅವಲೋಕನ ಮುಖ್ಯವಾದದ್ದು: ಗೆದ್ದಲು ಮತ್ತು ನೀರಿಗೆ ಬಿಡಿಸಲಾಗದ ನಂಟಿದೆ.

ಈ ನಂಟಿಗೆ ಕಾರಣ ಗೆದ್ದಲಿನ ದೇಹದಲ್ಲೇ ಇದೆ. ಅದರ ಚರ್ಮ ತೆಳು; ಒಣಗಾಳಿಗೆ ಸಿಕ್ಕರೆ ಬೇಗನೆ ಒಣಗಿ ಸಾಯುತ್ತದೆ. ಆದ್ದರಿಂದಲೇ ಅದು ಬಯಲಿನಲ್ಲಿ ನಡೆಯುವುದಿಲ್ಲ. ಮಣ್ಣು ಮತ್ತು ಎಂಜಲನ್ನು ಕಲಸಿ ಕೊಳವೆ ಕಟ್ಟಿಕೊಂಡು, ನೆಲದ ತಂಪನ್ನು ಜೊತೆಯಲ್ಲೇ ಒಯ್ಯುತ್ತ ಗೋಡೆ ಏರುತ್ತದೆ. ಒಣಮರದೊಳಗೇ ಬದುಕಬಲ್ಲ ಜಾತಿಗಳೂ ಇವೆಯಾದರೂ, ನಮ್ಮ ಮನೆಗಳಿಗೆ ಹೆಚ್ಚಿನ ಹಾನಿ ಮಾಡುವುದು ನೆಲದಿಂದ ಬರುವ ಗೆದ್ದಲೇ.

ಇನ್ನೂ ಒಂದು ಸೋಜಿಗವಿದೆ. ಹುತ್ತ ಕಟ್ಟುವ ನಮ್ಮ ಗೆದ್ದಲುಗಳು ಸ್ವತಃ ಬೇಸಾಯಗಾರರು. ಹುತ್ತದೊಳಗಿನ ಬೆಚ್ಚನೆಯ ತೇವದಲ್ಲಿ ಅವು ಒಂದು ಬಗೆಯ ಶಿಲೀಂಧ್ರವನ್ನು ಬೆಳೆಸಿ, ಅದರ ನೆರವಿನಿಂದ ಮರವನ್ನು ಜೀರ್ಣಿಸಿಕೊಳ್ಳುತ್ತವೆ. ಮಳೆ ಬಿದ್ದಾಗ ಹುತ್ತದ ಮೇಲೆ ಏಳುವ, ಮಲೆನಾಡಿನವರು ಆಸೆಪಟ್ಟು ಕಿತ್ತು ತರುವ ಅಣಬೆ ಆ ಬೆಳೆಯದೇ ಫಲ. ಗೆದ್ದಲು ಮತ್ತು ಶಿಲೀಂಧ್ರ ಎರಡಕ್ಕೂ ಬೇಕಾದ ಹವೆ ಒಂದೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆಧುನಿಕ ವಿಜ್ಞಾನದಲ್ಲಿ ಗೆದ್ದಲಿನ ಅಧ್ಯಯನ ಆರಂಭವಾದದ್ದರಲ್ಲಿ ದಕ್ಷಿಣ ಭಾರತಕ್ಕೆ ದೊಡ್ಡ ಪಾಲಿದೆ. ಲಿನೇಯಸ್‌ನ ಶಿಷ್ಯನಾದ ಯೋಹಾನ್ ಗೆರ್ಹಾರ್ಡ್ ಕ್ಯೋನಿಗ್ 1768ರಲ್ಲಿ ತರಂಗಂಬಾಡಿಗೆ ವೈದ್ಯನಾಗಿ ಬಂದವನು. ತಂಜಾವೂರು ಸೀಮೆಯ ಹುತ್ತಗಳನ್ನು ಪರಿಶೀಲಿಸಿ 1779ರಲ್ಲಿ ಪ್ರಬಂಧವನ್ನು ಪ್ರಕಟಿಸಿದನು. ಆಗ ಯುರೋಪಿನವರು ಗೆದ್ದಲನ್ನು ‘ಬಿಳಿ ಇರುವೆ’ ಎಂದು ಕರೆಯುತ್ತಿದ್ದರು. ಗೆದ್ದಲು ಇರುವೆಯಲ್ಲ, ಜಿರಲೆಯ ಬಳಗಕ್ಕೆ ಸೇರಿದ್ದು ಎಂಬುದು ಇಂದು ಖಚಿತವಾಗಿದೆ.

ಕರಾವಳಿ ಮತ್ತು ಮಲೆನಾಡು ಕೊಟ್ಟ ಉತ್ತರ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಇಂಥ ನಾಡಿನಲ್ಲಿ ಮಣ್ಣು ಮತ್ತು ಮರದಿಂದ ಕಟ್ಟಿದ ಮನೆಗಳು ತಲೆಮಾರುಗಟ್ಟಲೆ ಹೇಗೆ ನಿಂತವು? ಆ ಮನೆಗಳನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ನೋಡೋಣ.

ಮೊದಲು ಅಡಿಪಾಯ. ಮನೆಯನ್ನು ಅಂಗಳದಿಂದ ಎತ್ತರಿಸಿ, ಕಲ್ಲು ಅಥವಾ ಮುರಕಲ್ಲಿನ ಜಗಲಿಯ ಮೇಲೆ ಕಟ್ಟುತ್ತಿದ್ದರು. ಮರದ ಕಂಬವನ್ನು ನೆಲದಲ್ಲಿ ಹೂಳದೆ ಒಂದು ಕಲ್ಲಿನ ಪೀಠದ ಮೇಲೆ ನಿಲ್ಲಿಸುತ್ತಿದ್ದರು. ಈ ಕಲ್ಲು ಗೆದ್ದಲನ್ನು ಸಂಪೂರ್ಣ ತಡೆಯುತ್ತದೆ ಎಂದು ತಿಳಿಯಬಾರದು. ಗೆದ್ದಲು ಕಲ್ಲಿನ ಮೇಲೂ ಕೊಳವೆ ಕಟ್ಟಬಲ್ಲದು. ಆದರೆ ಹಾಗೆ ಕಟ್ಟುವಾಗ ಅದು ಕಣ್ಣಿಗೆ ಬೀಳಲೇಬೇಕು. ಬೆಳಿಗ್ಗೆ ಜಗಲಿ ಗುಡಿಸುವವರು ಪೊರಕೆಯಿಂದಲೇ ಆ ಕೊಳವೆಯನ್ನು ಕೆಡವುತ್ತಿದ್ದರು. ಕಲ್ಲಿನ ಕೆಲಸ ಶತ್ರುವನ್ನು ಬಯಲಿಗೆ ತರುವುದು. ಓಡಿಸುವ ಕೆಲಸ ಪೊರಕೆಯದು. ಎರಡೂ ಸೇರಿದರೇ ಕಾವಲು.

ಮೂಡಬಿದಿರೆಯ ಸಾವಿರ ಕಂಬದ ಬಸದಿ ಮನೆಯಲ್ಲ. ಆದರೂ ಇದೇ ತತ್ವವನ್ನು ದೊಡ್ಡ ಪ್ರಮಾಣದಲ್ಲಿ ತೋರಿಸುತ್ತದೆ. 1430ರ ಕಾಲದ ಈ ಬಸದಿಯಲ್ಲಿ ನೆಲಕ್ಕೆ ತಾಗುವ ಭಾಗ ಕಲ್ಲಿನದು, ಮರವನ್ನು ಬಳಸಿದ್ದು ಮೇಲಂತಸ್ತುಗಳಲ್ಲಿ. ಅದರ ಮೇಲೆ ನೀರನ್ನು ಬೇಗನೆ ಇಳಿಸುವ ಇಳಿಜಾರಿನ ಮಾಡು.

ಎರಡನೆಯದು ಮರದ ಆಯ್ಕೆ. ತೇಗ, ಹೊನ್ನೆ, ಕರಾವಳಿಯ ಕಿರಾಲುಬೋಗಿ ಇವುಗಳ ಕೆಚ್ಚಿನಲ್ಲಿ ಕೀಟಕ್ಕೂ ಶಿಲೀಂಧ್ರಕ್ಕೂ ಒಗ್ಗದ ರಾಸಾಯನಿಕಗಳು ಸಹಜವಾಗಿಯೇ ಇರುತ್ತವೆ. ಹೊರಭಾಗದ ಬಿಳಿಯ ಮರದಲ್ಲಿ ಅವು ಇರುವುದಿಲ್ಲ. ಹಾಗಾಗಿ ಅನುಭವಸ್ಥ ಬಡಗಿ ಬಿಳಿಯ ಭಾಗವನ್ನು ಕೆತ್ತಿ ತೆಗೆದು ಕೆಚ್ಚನ್ನು ಮಾತ್ರ ತೊಲೆಗೆ ಬಳಸುತ್ತಿದ್ದನು. ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಗೇರುಮರ ಬಂದ ಮೇಲೆ, ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ಮರಕ್ಕೂ ದೋಣಿಗಳಿಗೂ ಬಳಿಯುವುದು ಕರಾವಳಿಯಲ್ಲಿ ರೂಢಿಯಾಯಿತು.

ಮೂರನೆಯದು ಗೋಡೆ. ಸುಣ್ಣವು ತೀಕ್ಷ್ಣವಾದ ಕ್ಷಾರ. ಅದು ಹೊಸದಾಗಿರುವಾಗ ಬೂಷ್ಟು ಅದರ ಮೇಲೆ ಬೆಳೆಯಲಾರದು. ಕಾಲಕ್ರಮೇಣ ಗಾಳಿಯ ಇಂಗಾಲಾಮ್ಲದೊಡನೆ ಕೂಡಿ ಈ ಗುಣ ಕುಗ್ಗುತ್ತದೆ. ಹಬ್ಬಕ್ಕೆ ಮುಂಚೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುವ ಪದ್ಧತಿ ಬರಿಯ ಅಲಂಕಾರವಲ್ಲ, ಕಾವಲನ್ನು ಹೊಸದಾಗಿಸುವ ಕ್ರಮ. ಜೊತೆಗೆ ಸುಣ್ಣದ ಗೋಡೆ ಒಳಗಿನ ತೇವವನ್ನು ಹೊರಕ್ಕೆ ಬಿಟ್ಟು ಒಣಗುತ್ತದೆ. ಮಳೆಗಾಲ ಬರುವ ಮುನ್ನ ಗಾಳಿಮಳೆ ಬಡಿಯುವ ದಿಕ್ಕಿನ ಮಣ್ಣುಗೋಡೆಗೆ ಅಡಕೆ ಅಥವಾ ತೆಂಗಿನ ಸೋಗೆಯ ತಟ್ಟಿ ಕಟ್ಟುತ್ತಿದ್ದರು.

ನಾಲ್ಕನೆಯದು ಮಾಡು. ಸೋಗೆ ಮತ್ತು ಹುಲ್ಲಿನ ಮಾಡನ್ನು ವರ್ಷವರ್ಷವೂ ಹೊದಿಸಬೇಕಾಗಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಒಂದಕ್ಕೊಂದು ಕೂಡಿಕೊಳ್ಳುವ ಈ ಹೆಂಚು ನೀರನ್ನು ತಡೆಯಿತು, ಸಂದಿಯಲ್ಲಿ ಗಾಳಿಯನ್ನು ಆಡಲು ಬಿಟ್ಟಿತು. ಮಾಡಿನ ಮರ ಬೇಗನೆ ಒಣಗತೊಡಗಿತು.

ಇದೇ ಕಾಳಜಿ ಗ್ರಂಥಗಳ ವಿಷಯದಲ್ಲೂ ಇತ್ತು. ಜೈನರು ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯನ್ನು ಆಚರಿಸುತ್ತಾರೆ. ಅಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಬಟ್ಟೆಯಲ್ಲಿ ಕಟ್ಟಿಡುವ ವಾಡಿಕೆಯಿದೆ. ಮೂಡಬಿದಿರೆಯಲ್ಲಿ ‘ಧವಲಾ’ ಮುಂತಾದ ತಾಳೆಯೋಲೆ ಗ್ರಂಥಗಳು ಶತಮಾನಗಳ ಮಳೆಯನ್ನು ದಾಟಿ ಉಳಿದು ಬಂದದ್ದನ್ನು ನೆನೆಯುವಾಗ, ವರ್ಷಕ್ಕೊಮ್ಮೆ ಕಟ್ಟು ಬಿಚ್ಚಿ ನೋಡುವ ಇಂಥ ಆಚರಣೆಯ ಬೆಲೆ ಅರ್ಥವಾಗುತ್ತದೆ.

ಹೊಗೆಯ ಬೆಲೆ

ಇಷ್ಟನ್ನು ಕೇಳಿ ಹಿಂದಿನದೆಲ್ಲವೂ ಚೆನ್ನಾಗಿತ್ತು ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಇಂದು ನಾವು ನೋಡುವುದು ಉಳಿದ ಮನೆಗಳನ್ನು ಮಾತ್ರ. ಗೆದ್ದಲು ತಿಂದು ಕುಸಿದ ಗುಡಿಸಲುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಕಲ್ಲಿನ ಅಡಿಪಾಯ, ಕೆಚ್ಚಿನ ತೊಲೆ ಉಳ್ಳವರ ಮನೆಯ ಮಾತು. ಆ ಮನೆಗೆ ಸೋಗೆ ಹೊದಿಸಿ ತಟ್ಟಿ ಕಟ್ಟಿದ ದುಡಿಯುವ ಜನ ಸ್ವಂತಕ್ಕೆ ಕಟ್ಟಿಕೊಂಡದ್ದು ನೆಲಕ್ಕೆ ತಾಗಿದ ಮಣ್ಣಿನ ಗುಡಿಸಲನ್ನು.

ಹಳೆಯ ಮನೆಯ ಅತಿ ದೊಡ್ಡ ಸಂರಕ್ಷಕ ಅಡುಗೆಮನೆಯ ಹೊಗೆ. ಸೌದೆಯ ಒಲೆಯ ಬಿಸಿ ಮಾಡಿನ ಮರವನ್ನು ಒಣಗಿಸುತ್ತಿತ್ತು. ಹೊಗೆಯ ಮಸಿ ಅದರ ಮೇಲೆ ಕೀಟಕ್ಕೆ ಒಗ್ಗದ ಪದರವಾಗುತ್ತಿತ್ತು. ಅಟ್ಟದ ಮೇಲಿನ ಬಿತ್ತನೆ ಬೀಜವೂ ಹೀಗೆಯೇ ಉಳಿಯುತ್ತಿತ್ತು. ಆದರೆ ಆ ಹೊಗೆಯನ್ನು ದಿನವೂ ಉಸಿರಾಡಿದವರು ಮನೆಯ ಹೆಂಗಸರು. ಸೌದೆಯ ಹೊಗೆ ಶ್ವಾಸಕೋಶವನ್ನು ಕೆಡಿಸುತ್ತದೆಂಬುದು ಇಂದು ನಿಸ್ಸಂದೇಹವಾಗಿ ತಿಳಿದಿದೆ. ತೊಲೆಯನ್ನು ಉಳಿಸಿದ್ದು ಎದೆಯನ್ನು ಕೆಡಿಸಿತು. ಅಡುಗೆ ಅನಿಲ ಬಂದದ್ದು ಒಳ್ಳೆಯದೇ. ಆದರೆ ಹೊಗೆ ನಿಂತ ಮನೆಯಲ್ಲಿ ಮಾಡಿನ ಮರಕ್ಕೆ ಬೇರೆ ಕಾವಲು ಬೇಕೆಂಬುದನ್ನು ನಾವು ಯೋಚಿಸಲಿಲ್ಲ.

ವಿಷದ ಯುಗ

20ನೆಯ ಶತಮಾನ ಈ ಪ್ರಶ್ನೆಗೆ ರಸಾಯನಶಾಸ್ತ್ರದಿಂದ ಉತ್ತರ ಹುಡುಕಿತು. ಅದರಲ್ಲಿ ಭಾರತೀಯನೊಬ್ಬನ ಹೆಸರು ಮೊದಲ ಸಾಲಿನಲ್ಲಿದೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಸೇರಿದ ಒಂದು ಮರ ಸಂರಕ್ಷಕವನ್ನು ರೂಪಿಸಿದರು. ತಾಮ್ರ ಶಿಲೀಂಧ್ರವನ್ನೂ, ಆರ್ಸೆನಿಕ್ ಗೆದ್ದಲನ್ನೂ ತಡೆಯುತ್ತದೆ; ಮಳೆನೀರಿಗೆ ಇವು ತೊಳೆದು ಹೋಗದಂತೆ ಕ್ರೋಮಿಯಂ ಮರದೊಳಗೆ ಬಂಧಿಸುತ್ತದೆ. ಎರಡು ಶತ್ರುಗಳಿಗೆ ಒಂದೇ ಮದ್ದು. ಇದು ದಶಕಗಳ ಕಾಲ ಜಗತ್ತಿನಾದ್ಯಂತ ಬಳಕೆಯಾಯಿತು. ಆರ್ಸೆನಿಕ್‌ನ ಅಪಾಯದಿಂದಾಗಿ 2003ರ ಕೊನೆಯಲ್ಲಿ ಅಮೆರಿಕದಲ್ಲಿ ವಾಸದ ಮನೆಗಳ ಬಹುಪಾಲು ಕೆಲಸಗಳಿಗೆ ಇದರ ಬಳಕೆಯನ್ನು ನಿಲ್ಲಿಸಲಾಯಿತು.

ಎರಡನೆಯ ಮಹಾಯುದ್ಧದ ನಂತರ ಆಲ್ಡ್ರಿನ್, ಡೈಎಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಎಂಬ ಕೀಟನಾಶಕಗಳು ಬಂದವು. ಅಡಿಪಾಯದ ಮಣ್ಣಿಗೆ ಒಮ್ಮೆ ಸುರಿದರೆ ಅವು ವರ್ಷಗಟ್ಟಲೆ ಗೆದ್ದಲನ್ನು ತಡೆಯುತ್ತಿದ್ದವು. ಆ ದೀರ್ಘಾಯುಷ್ಯವೇ ಅವುಗಳ ದೋಷವೂ ಆಯಿತು. ಕರಗದೆ ಕೊಳೆಯದೆ ಅವು ಪ್ರಾಣಿಗಳ, ಮನುಷ್ಯರ ಕೊಬ್ಬಿನಲ್ಲಿ ಸೇರಿಕೊಂಡವು. 2001ರ ಸ್ಟಾಕ್‌ಹೋಮ್ ಒಪ್ಪಂದವು ಮೊದಲು ಪಟ್ಟಿಮಾಡಿದ 12 ಮಾಲಿನ್ಯಕಾರಕಗಳಲ್ಲಿ ಈ ನಾಲ್ಕೂ ಇದ್ದವು. ಅವುಗಳ ಜಾಗಕ್ಕೆ ವ್ಯಾಪಕವಾಗಿ ಬಂದ ಕ್ಲೋರ್‌ಪೈರಿಫಾಸ್‌ಅನ್ನೂ ಕೆಲವು ವಿನಾಯಿತಿಗಳೊಡನೆ ಅದೇ ಒಪ್ಪಂದದ ಪಟ್ಟಿಗೆ ಸೇರಿಸಲು 2025ರಲ್ಲಿ ನಿರ್ಧರಿಸಲಾಯಿತು. ಒಂದೊಂದು ವಿಷವೂ ಕೆಲಕಾಲ ಗೆದ್ದು ಹಿಂದೆ ಸರಿದಿದೆ. ಗೆದ್ದಲು ಮಾತ್ರ ಇದ್ದಲ್ಲೇ ಇದೆ.

ಹೊಸ ಮನೆಗೆ ಹಳೆಯ ಪಾಠ

ಸಿಮೆಂಟಿನ ಮನೆಗೆ ಗೆದ್ದಲು ಬಾರದು ಎಂಬ ನಂಬಿಕೆ ನಮ್ಮಲ್ಲಿದೆ. ಗೆದ್ದಲು ಸಿಮೆಂಟನ್ನು ತಿನ್ನುವುದಿಲ್ಲ, ನಿಜ. ಆದರೆ ನೆಲದ ಸಣ್ಣ ಬಿರುಕು, ನೀರಿನ ಕೊಳವೆಯ ಪಕ್ಕದ ಸಂದಿ ಅದಕ್ಕೆ ಹೆದ್ದಾರಿ. ಗೋಡೆಗೆ ಅಂಟಿಸಿ ಮಾಡಿದ ಮರದ ಕಪಾಟು ಆ ದಾರಿಯನ್ನು ಮರೆಮಾಡುತ್ತದೆ. ಅಲ್ಲಿಗೆ ಪೊರಕೆ ತಲುಪುವುದಿಲ್ಲ.

ಬೂಷ್ಟಿನ ಕಥೆಯೂ ಹಾಗೆಯೇ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇವೆ. ಅವುಗಳನ್ನು ನಿರ್ನಾಮ ಮಾಡಲಾಗದು. ಅವು ಮೊಳೆಯಲು ಬೇಕಾದದ್ದು ಒದ್ದೆಯಾದ ಮೇಲ್ಮೈ. ತೇವ ಹೊರಹೋಗದಂತೆ ತಡೆಯುವ ಬಣ್ಣ, ಸೋರುವ ತಾರಸಿ, ಬಚ್ಚಲಿನ ಗೋಡೆಯೊಳಗಿನ ಒಡೆದ ಕೊಳವೆ, ಸದಾ ಮುಚ್ಚಿದ ಕಿಟಕಿ ಇವು ಸಿಮೆಂಟಿನ ಮನೆಯಲ್ಲಿ ಅದನ್ನು ಒದಗಿಸುತ್ತವೆ. ತೇವದ ಮನೆಗಳಲ್ಲಿ ಉಬ್ಬಸ ಮತ್ತು ಉಸಿರಾಟದ ತೊಂದರೆ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಹೇಳಿದೆ. ಬೂಷ್ಟಿನ ಮೇಲೆ ಬಣ್ಣ ಬಳಿದರೆ ಅದು ಮರೆಯಾಗುತ್ತದೆ, ಹೋಗುವುದಿಲ್ಲ.

ಹೀಗಾಗಿ ವಿಜ್ಞಾನವೂ ಕಟ್ಟಡದ ಕ್ರಮದತ್ತಲೇ ಮರಳುತ್ತಿದೆ. 1957ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ಒಂದು ನಿಶ್ಚಿತ ಗಾತ್ರದ ಮರಳಿನ ಪದರವನ್ನು ಗೆದ್ದಲು ದಾಟಲಾರದೆಂದು ತೋರಿಸಿದರು. ಕಣಗಳು ಅದರ ಬಾಯಿಗೆ ಎತ್ತಲಾಗದಷ್ಟು ದೊಡ್ಡವು, ನಡುವಿನ ಸಂದಿ ನುಸುಳಲಾಗದಷ್ಟು ಚಿಕ್ಕದು. ಗೆದ್ದಲು ತಡೆಗಾಗಿ ಇರುವ ನಮ್ಮ ಭಾರತೀಯ ಮಾನಕ 6313ರಲ್ಲಿ ಮೂರು ಭಾಗಗಳಿವೆ. ರಾಸಾಯನಿಕಗಳ ಮಾತು ಬರುವುದು ಎರಡು ಮತ್ತು ಮೂರನೆಯ ಭಾಗಗಳಲ್ಲಿ. ಮೊದಲನೆಯ ಭಾಗದ ವಿಷಯ ಮನೆಯನ್ನು ಕಟ್ಟುವ ಕ್ರಮವೇ.

ಮಿತ್ರರೇ, ಈ ಚರಿತ್ರೆಯನ್ನು ಓದಿದ ಮೇಲೆ ಒಂದು ಸಣ್ಣ ಕೆಲಸ ಮಾಡಿ. ಮಳೆ ಬಂದ ಮಾರನೆಯ ದಿನ ನಿಮ್ಮ ಮನೆಯನ್ನು ಒಮ್ಮೆ ಸುತ್ತಿ ಬನ್ನಿ. ಸೂರಿನ ನೀರು ಗೋಡೆಯ ಬುಡದಲ್ಲಿ ನಿಂತಿದೆಯೇ? ಸೌದೆ ಅಥವಾ ಹಳೆಯ ಮರ ಗೋಡೆಗೆ ಒರಗಿದೆಯೇ? ಅಡಿಪಾಯದ ಮೇಲೆ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಗೆರೆ ಏರಿದೆಯೇ? ಒಳಗೆ ಕಪಾಟಿನ ಹಿಂದೆ ಬೆರಳಿಟ್ಟರೆ ತಣ್ಣಗೆ ಒದ್ದೆಯೆನಿಸುತ್ತದೆಯೇ? ಕಂಡದ್ದನ್ನು ಮನೆಯ ಹಿರಿಯರಿಗೆ ತೋರಿಸಿ. ನೀರಿಗೆ ದಾರಿ ಮಾಡಿ, ಮರವನ್ನು ಮಣ್ಣಿನಿಂದ ಬಿಡಿಸಿ, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ, ಪೆಟ್ಟಿಗೆಯ ಕಾಗದಗಳನ್ನು ಬಿಸಿಲು ಬಿದ್ದ ದಿನ ತೆಗೆದು ನೋಡಿ. ಆ ಮೇಲೂ ಗೆದ್ದಲು ಉಳಿದರೆ ಔಷಧಿಯ ಮಾತು. ಅದನ್ನು ತಿಳಿದವರ ಕೈಯಿಂದಲೇ ಹಾಕಿಸಬೇಕು.

ಆ ಪೆಟ್ಟಿಗೆಯೊಳಗಿನ ಜಮೀನಿನ ಪತ್ರ, ಅಮ್ಮನ ಪ್ರಮಾಣಪತ್ರ ಉಳಿಯುವುದು ಅಳಿಯುವುದು ಎಷ್ಟೋ ವೇಳೆ ಇಷ್ಟೇ ಸಣ್ಣ ಎಚ್ಚರವನ್ನು ಅವಲಂಬಿಸಿರುತ್ತದೆ.