ಗಂಧದ ಮರವನ್ನು ಉಪವಾಸ ಕೆಡವಿದ ರೋಗ

ತುರ್ಭೆಯಲ್ಲಿ ನೆಲೆಸಿದ ನಮ್ಮಲ್ಲಿ ಬಹುಮಂದಿಯ ಬಚ್ಚಲುಮನೆಯಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಇದ್ದೇ ಇರುತ್ತದೆ. ಆ ಪರಿಮಳದ ಮೂಲವಾದ ಮರವನ್ನು ನಾಡಿನಿಂದಲೇ ಅಳಿಸಿಬಿಡುವಂತೆ ಕಾಡಿದ ರೋಗವೊಂದರ ಸಂಗತಿ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ.

1899ರಲ್ಲಿ ಕೊಡಗಿನಲ್ಲಿ ಈ ರೋಗ ಮೊದಲು ಅಧಿಕಾರಿಗಳ ಗಮನಕ್ಕೆ ಬಂತು. ಎಲೆಗಳು ವರ್ಷದಿಂದ ವರ್ಷಕ್ಕೆ ಚಿಕ್ಕವಾಗಿ, ಬಿರುಸಾಗಿ, ಮೊಳೆಗಳಂತೆ ನೆಟ್ಟಗೆ ನಿಲ್ಲುತ್ತಿದ್ದವು. ಇದರಿಂದಲೇ ‘ಸ್ಪೈಕ್’ ಎಂಬ ಹೆಸರು. ಎರಡು ಮೂರು ವರ್ಷಗಳಲ್ಲಿ ಮರ ಸಾಯುತ್ತಿತ್ತು. ರೋಗ ಮೈಸೂರು ಸಂಸ್ಥಾನಕ್ಕೂ ಹಬ್ಬಿತು. ಗಂಧವೆಂದರೆ ಅರಮನೆಯ ಸೊತ್ತು, ಬೊಕ್ಕಸಕ್ಕೆ ದೊಡ್ಡ ಆದಾಯ. ಲಕ್ಷಾಂತರ ಮರಗಳು ನಷ್ಟವಾದವು.

ಮರ ಸಾಯುವ ಬಗೆಯನ್ನು ಅರಿಯಲು ಅದರೊಳಗಿನ ಎರಡು ದಾರಿಗಳನ್ನು ನೆನೆಯಬೇಕು. ನಮ್ಮ ಮಕ್ಕಳು ಶಾಲೆಯಲ್ಲಿ ಕ್ಸೈಲಂ, ಫ್ಲೋಯಂ ಎಂದು ಬಾಯಿಪಾಠ ಮಾಡುವುದು ಇವನ್ನೇ. ಎಲೆಗಳಿಂದ ನೀರು ಆವಿಯಾಗುತ್ತಿದ್ದಂತೆ, ಬೇರಿನ ನೀರು ಕಾಂಡದ ಒಳಗಿನ ಕೊಳವೆಗಳಲ್ಲಿ ಮೇಲಕ್ಕೆ ಸೆಳೆಯಲ್ಪಡುತ್ತದೆ. ಎಲೆ ತಯಾರಿಸಿದ ಸಕ್ಕರೆಯೋ ತೊಗಟೆಯ ಒಳಪದರದ ಜೀವಂತ ನಾಳಗಳಲ್ಲಿ ಹರಿದು ಬೇರನ್ನು ಸಲಹುತ್ತದೆ. ಇಟಲಿಯ ಮಾಲ್ಪೀಗಿ 17ನೆಯ ಶತಮಾನದಲ್ಲಿಯೇ ತೊಗಟೆಯನ್ನು ಉಂಗುರದಂತೆ ಸುಲಿದು, ಗಾಯದ ಮೇಲ್ಭಾಗ ಊದಿಕೊಳ್ಳುವುದನ್ನು ಕಂಡಿದ್ದನು. ಇಳಿಯಬೇಕಾದ ಆಹಾರ ಅಲ್ಲಿಯೇ ತಡೆದು ನಿಂತಿತ್ತು.

ಸ್ಪೈಕ್ ತಗುಲಿದ ಗಂಧದಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ, ಕತ್ತಿ ಸೋಕದೆಯೇ. ಎಲೆಯಲ್ಲಿ ಪಿಷ್ಟ ರಾಶಿಬೀಳುತ್ತದೆ; ಬೇರು ಹಸಿಯುತ್ತದೆ. ಗಂಧದ ಮರವಾದರೋ ನೆರೆಯ ಗಿಡಗಳ ಬೇರನ್ನು ಕಚ್ಚಿ ನೀರು, ಲವಣ ಹೀರುವ ಸಾಲಗಾರ! (ಅದರ ಪರಿಮಳವನ್ನು ಹೊಗಳುವಾಗ ಈ ಗುಟ್ಟನ್ನು ಯಾರೂ ಹೇಳುವುದಿಲ್ಲ.) ಹಸಿದ ಬೇರಿನ ಆ ಹಿಡಿತವೂ ಸಡಿಲಿದರೆ ನೀರಿನ ದಾರಿಯೂ ಕೆಡುತ್ತದೆ.

ಬೆಂಕಿ, ಬರ, ನೆರೆಗಿಡಗಳ ಕೊರತೆ ಎಂದು ಪಂಡಿತರು ಹಲವು ಕಾರಣ ಹೇಳಿದರು. ಕೆನಡಾದಿಂದ ಬಂದು ಮೈಸೂರಿನ ಕೃಷಿ ಇಲಾಖೆಗೆ ದುಡಿದ ಡಾ. ಲೆಸ್ಲಿ ಕೋಲ್ಮನ್ ರೋಗದ ಕೊಂಬೆಯನ್ನು ಒಳ್ಳೆಯ ಮರಕ್ಕೆ ಕಸಿಮಾಡಿ, ರೋಗ ಅಂಟುವುದನ್ನು 1917ರಲ್ಲಿ ತೋರಿಸಿಕೊಟ್ಟರು. ನಮ್ಮ ಮತದಲ್ಲಿ ಈ ಇಡೀ ಚರಿತ್ರೆಯ ತಿರುವು ಇದೇ. ಮುಂದೆ ಅರ್ಧ ಶತಮಾನ ಇದನ್ನು ವೈರಸ್ಸೆಂದೇ ನಂಬಲಾಗಿತ್ತು. 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆ ಸಕ್ಕರೆಯ ನಾಳಗಳೊಳಗೇ ಅಡಗಿದ್ದ, ಕೋಶಭಿತ್ತಿಯಿಲ್ಲದ ಅತಿಸೂಕ್ಷ್ಮ ಜೀವಿಗಳನ್ನು ತೋರಿಸಿತು. ಇಂದು ಅವುಗಳ ಹೆಸರು ಫೈಟೊಪ್ಲಾಸ್ಮಾ.

ಟೆಟ್ರಾಸೈಕ್ಲಿನ್ ಚುಚ್ಚಿದರೆ ಮರ ಕೆಲಕಾಲ ಚೇತರಿಸಿಕೊಳ್ಳುತ್ತದೆ, ಮತ್ತೆ ರೋಗ ಮರುಕಳಿಸುತ್ತದೆ. ರೋಗದ ಮರವನ್ನು ಕಡಿದು ತೆಗೆಯುವ ಹಳೆಯ ಉಪಾಯವೇ ಇನ್ನೂ ಬಳಕೆಯಲ್ಲಿದೆ.